ದಿನಕ್ಕೊಂದು ಚಿತ್ರ, ದಿನಕ್ಕೊಂದು ಕೃತಜ್ಞತೆ

(ಶರತ್ಕಾಲದ ಹನ್ನೆರಡು ವಾರಗಳಿಗೆ ಒಂದು ಕುಟುಂಬ ಅಭ್ಯಾಸ)

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಉಳಿದವರು ಅವಸರದಲ್ಲಿ ಮಾಡುವ ಕೆಲಸಗಳಲ್ಲಿ ಒಂದು, ಅವರದೊಂದು ಒಳ್ಳೆಯ ಭಾವಚಿತ್ರಕ್ಕಾಗಿ ಹುಡುಕಾಡುವುದು. ಶವಪೆಟ್ಟಿಗೆಯ ಬಳಿ ಇಡಲು ಒಂದು ಚಿತ್ರ ಬೇಕು, ಏಳನೆಯ ದಿನದ ಪೂಜೆಯ ಕಾರ್ಡಿಗೆ ಒಂದು ಚಿತ್ರ ಬೇಕು. ಕಪಾಟು, ಟ್ರಂಕು, ಮೊಬೈಲು ಎಲ್ಲವನ್ನೂ ಜಾಲಾಡುತ್ತಾರೆ. ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವೋ, ಯಾರದೋ ಮದುವೆಯ ಗುಂಪಿನ ಮೂಲೆಯಿಂದ ಕತ್ತರಿಸಿ ತೆಗೆದ ಮುಖವೋ ಸ್ಟುಡಿಯೋದಲ್ಲಿ ದೊಡ್ಡದಾಗಿ ಗೋಡೆಗೆ ಬರುತ್ತದೆ. ನಲವತ್ತು ವರ್ಷ ಆ ಮನೆಯ ಒಲೆಯ ಮುಂದೆ ನಿಂತ ತಾಯಿ ಒಲೆಯ ಮುಂದೆ ನಿಂತಿರುವ ಒಂದೇ ಒಂದು ಚಿತ್ರವೂ ಆ ಮನೆಯಲ್ಲಿ ಇರುವುದಿಲ್ಲ. ಪ್ರತಿ ಸಂಜೆ ಜಗಲಿಯಲ್ಲಿ ಕುಳಿತು ಜಪಸರ ಮಾಡುತ್ತಿದ್ದ ಅಜ್ಜನ ಕೈಗಳ ಚಿತ್ರ ಯಾರ ಬಳಿಯೂ ಇರುವುದಿಲ್ಲ.

ಇದು ಚಿತ್ರಗಳ ಕೊರತೆಯಿಂದ ಆಗುವುದಲ್ಲ. ಇಂದು ಒಂದೊಂದು ಮೊಬೈಲಿನಲ್ಲಿ ಸಾವಿರಗಟ್ಟಲೆ ಚಿತ್ರಗಳಿವೆ. ಹಿಂದೆ ಕ್ಯಾಮೆರಾದಲ್ಲಿ ಒಂದು ರೋಲು ಹಾಕಿದರೆ 36 ಚಿತ್ರ ಬರುತ್ತಿತ್ತು. ಆ 36ರಲ್ಲಿ ಒಂದು ನಾಮಕರಣ, ಒಂದು ಪ್ರಥಮ ಪರಮಪ್ರಸಾದ, ಒಂದು ಊರ ಹಬ್ಬ ಎಲ್ಲವೂ ಮುಗಿಯಬೇಕಿತ್ತು. ಆದ್ದರಿಂದ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಿಯೇ ಗುಂಡಿ ಒತ್ತುತ್ತಿದ್ದರು. ಈಗ ಯೋಚಿಸುವ ಅಗತ್ಯವಿಲ್ಲ, ತೆಗೆದದ್ದನ್ನು ಮರಳಿ ನೋಡುವವರೂ ಇಲ್ಲ. ಹಬ್ಬ, ಮದುವೆ, ಪ್ರವಾಸಗಳ ಚಿತ್ರಗಳು ರಾಶಿ ಬಿದ್ದಿವೆ. ನಾವು ನಿಜವಾಗಿ ಬದುಕುವ ಸಾಮಾನ್ಯ ದಿನಗಳ ಚಿತ್ರ ಮಾತ್ರ ಇಲ್ಲ. ವರ್ಷದ 365 ದಿನಗಳಲ್ಲಿ ಹೆಚ್ಚಿನವು ಸಾಮಾನ್ಯ ದಿನಗಳೇ. ದೇವರು ನಮಗೆ ಕೊಟ್ಟ ಆಯುಸ್ಸಿನ ಬಹುಭಾಗ ಅದೇ.

ಆದ್ದರಿಂದ ಈ ಲೇಖನದಲ್ಲಿ ಕ್ರೈಸ್ತ ಕುಟುಂಬಗಳಿಗೆ ಒಂದು ಸರಳ ಅಭ್ಯಾಸವನ್ನು ಸೂಚಿಸಬಯಸುತ್ತೇವೆ. ಶರತ್ಕಾಲದಲ್ಲಿ, ಅಂದರೆ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವದಿಂದ ನವೆಂಬರ್ 30ರ ಪ್ರೇಷಿತ ಸಂತ ಅಂದ್ರೆಯರ ಹಬ್ಬದವರೆಗೆ, ದಿನಕ್ಕೆ ಒಂದೇ ಒಂದು ಚಿತ್ರ ತೆಗೆಯುವುದು. ಅದರ ಕೆಳಗೆ ಕೆಲವು ಸಾಲು ಬರೆಯುವುದು. ರಾತ್ರಿಯ ಪ್ರಾರ್ಥನೆಯಲ್ಲಿ ಅದನ್ನು ದೇವರ ಮುಂದೆ ಇಡುವುದು. ಲೆಕ್ಕ ಹಾಕಿದರೆ ಇವು ಸರಿಯಾಗಿ 84 ದಿನಗಳು, ಹನ್ನೆರಡು ವಾರಗಳು.

ಶರತ್ಕಾಲವೇ ಏಕೆ?

ಮೊದಲನೆಯದಾಗಿ, ಇದು ನಮ್ಮ ನಾಡಿನಲ್ಲಿ ಮಳೆ ಹಿಂದೆಗೆಯುವ ಕಾಲ. ಮೂರು ತಿಂಗಳು ಮೋಡದಡಿ ಇದ್ದ ಅಂಗಳಕ್ಕೆ ಬಿಸಿಲು ಬರುತ್ತದೆ. ಸೆಪ್ಟೆಂಬರ್ 22 ಅಥವಾ 23ರ ಸುಮಾರಿಗೆ ಹಗಲು ರಾತ್ರಿಗಳು ಸಮವಾಗಿ, ಬಳಿಕ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ. ದಕ್ಷಿಣದ ಕಿಟಕಿ ಬಾಗಿಲುಗಳಿಂದ ಓರೆಯಾದ, ಹದವಾದ ಬೆಳಕು ಮನೆಯೊಳಗೆ ಬೀಳತೊಡಗುತ್ತದೆ. ಕರಾವಳಿಯಲ್ಲಿ ಭತ್ತದ ತೆನೆ ಬಾಗುತ್ತದೆ, ಬಯಲುಸೀಮೆಯಲ್ಲಿ ರಾಗಿ ಹೊಲ ಬಣ್ಣ ತಿರುಗುತ್ತದೆ, ಬೇಲಿಯ ಬದಿಯಲ್ಲಿ ಚೆಂಡುಹೂ ಅರಳುತ್ತದೆ, ಬೆಳಿಗ್ಗೆ ಎದ್ದರೆ ಪಾರಿಜಾತ ನೆಲಕ್ಕೆ ಉದುರಿರುತ್ತದೆ. ಕಣ್ಣಿಗೆ ಇದು ಹಬ್ಬದ ಕಾಲ.

ಎರಡನೆಯದಾಗಿ, ಧರ್ಮಸಭೆಯ ಪಂಚಾಂಗದಲ್ಲಿ ಇದು ವರ್ಷದ ಮುಕ್ತಾಯದ ಭಾಗ. ತೆನೆಯ ಆಶೀರ್ವಾದದಿಂದ ಆರಂಭವಾಗಿ, ಅಕ್ಟೋಬರಿನಲ್ಲಿ ಜಪಸರದ ತಿಂಗಳು, ನವೆಂಬರಿನಲ್ಲಿ ಮೃತರ ಸ್ಮರಣೆಯ ತಿಂಗಳು, ಕೊನೆಗೆ ಕ್ರಿಸ್ತರಾಜರ ಹಬ್ಬ. ಅದರ ಬೆನ್ನಲ್ಲೇ ಆಗಮನ ಕಾಲದೊಡನೆ ಹೊಸ ವರ್ಷ. ಸುಗ್ಗಿ ಮತ್ತು ಸಾವು, ಕೃತಜ್ಞತೆ ಮತ್ತು ಲೆಕ್ಕ ಒಪ್ಪಿಸುವಿಕೆ ಇವೆರಡನ್ನೂ ಧರ್ಮಸಭೆ ಈ ಮೂರು ತಿಂಗಳಲ್ಲಿ ನಮ್ಮ ಮುಂದಿಡುತ್ತದೆ. ತೊಂಬತ್ತನೆಯ ಕೀರ್ತನೆಯಲ್ಲಿ ಭಕ್ತನು, ನಮ್ಮ ದಿನಗಳನ್ನು ಎಣಿಸಲು ಕಲಿಸು, ಆಗ ನಮಗೆ ವಿವೇಕ ಬರುತ್ತದೆ ಎಂಬ ಅರ್ಥದಲ್ಲಿ ಬೇಡುತ್ತಾನೆ. ದಿನಗಳನ್ನು ಎಣಿಸಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಯಾವುದು?

ನದಿಯಿಂದ ಎತ್ತಿದ ಕಲ್ಲುಗಳು

ಪವಿತ್ರ ಗ್ರಂಥದಲ್ಲಿ ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಮನೆಯವರೆಲ್ಲ ಕೂಡಿ ಓದಿ. ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ, ಕುಲಕ್ಕೆ ಒಬ್ಬನಂತೆ ಹನ್ನೆರಡು ಮಂದಿ ನದಿಯ ನಡುವಿನಿಂದ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತರುವಂತೆ ದೇವರು ಆಜ್ಞಾಪಿಸಿದರು. ಅವು ಕೆತ್ತಿದ ಶಿಲೆಗಳಲ್ಲ, ಕಾಲಡಿಯಲ್ಲಿದ್ದ ಸಾಮಾನ್ಯ ಕಲ್ಲುಗಳು. ಅವನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಏಕೆ? ಮುಂದೆ ಮಕ್ಕಳು, ಈ ಕಲ್ಲುಗಳ ಅರ್ಥವೇನು ಎಂದು ಕೇಳುತ್ತಾರೆ. ಆಗ ತಂದೆತಾಯಿಗಳು ದೇವರು ಮಾಡಿದ ಉಪಕಾರವನ್ನು ಹೇಳಬೇಕು ಎಂಬ ಕಾರಣಕ್ಕೆ.

ಇಲ್ಲಿ ಮೂರು ಪಾಠಗಳಿವೆ. ನೆನಪು ತಾನಾಗಿ ಉಳಿಯುವುದಿಲ್ಲ, ಅದನ್ನು ಹೊತ್ತು ತರಬೇಕು. ನೆನಪಿಗೆ ಅಮೂಲ್ಯ ವಸ್ತು ಬೇಡ, ದಾರಿಯಲ್ಲಿ ಸಿಕ್ಕಿದ ಕಲ್ಲೂ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಲು ತಾನೇ ಮಾತನಾಡುವುದಿಲ್ಲ; ಮಗು ಕೇಳಬೇಕು, ಹಿರಿಯರು ಹೇಳಬೇಕು. ಚಿತ್ರವೂ ಹಾಗೆಯೇ. ಅದು ಉಪದೇಶಕ್ಕೆ ಒಂದು ನೆಪ. ಮಾತೆ ಮರಿಯಮ್ಮನವರು ಕುರುಬರು ಬಂದು ಹೇಳಿದ ಮಾತುಗಳನ್ನೂ ದೇವಾಲಯದಲ್ಲಿ ನಡೆದ ಘಟನೆಯನ್ನೂ ಹೃದಯದಲ್ಲಿ ಜೋಪಾನ ಮಾಡಿದರೆಂದು ಸಂತ ಲೂಕರು ಎರಡು ಸಲ ಬರೆದಿದ್ದಾರೆ. ಈ ಅಭ್ಯಾಸದ ಗುರಿ ಅದೇ. ಚಿತ್ರ ಮೊಬೈಲಿನಲ್ಲಿ ಉಳಿದರೆ ಸಾಲದು, ಹೃದಯಕ್ಕೆ ಇಳಿಯಬೇಕು.

ಮಠದೊಳಗೆ ಒಂದು ಕ್ಯಾಮೆರಾ

ಇದು ಹೊಸ ಕಾಲದ ಶೋಕಿ ಎಂದು ಕೆಲವರಿಗೆ ಅನಿಸಬಹುದು. ಅಂಥವರು ಬಾಲಯೇಸುವಿನ ಸಂತ ತೆರೇಸಾರ ಕಥೆಯನ್ನು ನೆನೆಯಬೇಕು. ತೆರೇಸಾರ ಅಕ್ಕ ಸೆಲೀನ್ 1894ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಮಠಾಧಿಕಾರಿಣಿಯವರ ಅಪ್ಪಣೆಯಿಂದ ತಮ್ಮ ಕ್ಯಾಮೆರಾವನ್ನೂ ಒಳಗೆ ತಂದರು. ಆ ಕಾಲದ ಕ್ಯಾಮೆರಾಕ್ಕೆ ಗಾಜಿನ ಫಲಕ ಬೇಕಿತ್ತು. ಚಿತ್ರ ಮೂಡುವ ತನಕ ಎದುರಿಗಿದ್ದವರು ಕೆಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಿತ್ತು. ಮುಂದಿನ ಮೂರು ವರ್ಷಗಳಲ್ಲಿ ಸೆಲೀನ್ ಮಠದ ದಿನಗಳನ್ನು ಚಿತ್ರಿಸಿದರು. ಭಗಿನಿಯರು ಬಟ್ಟೆ ಒಗೆಯುವುದು, ಹುಲ್ಲು ಒಟ್ಟುವುದು, ಅಂಗಳದಲ್ಲಿ ಎಲ್ಲರೂ ಕೂಡಿ ನಿಂತಿರುವುದು, ಹೀಗೆ. ತೆರೇಸಾರು ಕಾಯಿಲೆಯಿಂದ ಸೊರಗಿ ಹಾಸಿಗೆ ಹಿಡಿದ ಮೇಲೆಯೂ, 1897ರ ಆಗಸ್ಟ್ 30ರಂದು, ಅವರ ಹಾಸಿಗೆಯನ್ನು ಹೊರಗಿನ ಪಡಸಾಲೆಗೆ ತಂದಾಗ ಒಂದು ಚಿತ್ರ ತೆಗೆದರು. ಅದಾದ ಒಂದು ತಿಂಗಳಿಗೆ, ಸೆಪ್ಟೆಂಬರ್ 30ರಂದು, 24 ವರ್ಷದ ತೆರೇಸಾರು ತೀರಿಕೊಂಡರು.

ಯೋಚಿಸಿ ನೋಡಿ. ಚಿಕ್ಕ ಚಿಕ್ಕ ಕೆಲಸಗಳನ್ನು ದೊಡ್ಡ ಪ್ರೀತಿಯಿಂದ ಮಾಡುವ 'ಚಿಕ್ಕ ಮಾರ್ಗ'ವನ್ನು ಲೋಕಕ್ಕೆ ಕಲಿಸಿದ ಈ ಸಂತರು ಮಠದ ಗೋಡೆಯಾಚೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಒಬ್ಬಳು ಸಾಮಾನ್ಯ ದಿನಗಳನ್ನು ಗಮನಿಸಿದ್ದರಿಂದ ಒಗೆಯುವ ಕಲ್ಲಿನ ಬಳಿ ನಿಂತ ಸಂತರ ಮುಖವನ್ನು ನಾವು ಇಂದು ನೋಡಬಲ್ಲೆವು.

ಈ ಕಥೆಗೆ ಇನ್ನೊಂದು ಭಾಗವಿದೆ. ತೆರೇಸಾರು ತೀರಿಕೊಂಡ ಮೇಲೆ ಸೆಲೀನ್ ಪ್ರೀತಿಯಿಂದಲೇ ಆ ಚಿತ್ರಗಳನ್ನು ತಿದ್ದಿದರು, ಮುಖವನ್ನು ಮೃದುಗೊಳಿಸಿದರು. ಬಹುಕಾಲ ಜನರು ಕಂಡದ್ದು ಹಾಗೆ ತಿದ್ದಿದ, ಸಿಹಿಯಾದ ಮುಖಗಳನ್ನೇ. ಸೆಲೀನ್ 1959ರಲ್ಲಿ ತೀರಿಕೊಂಡರು. 1961ರಲ್ಲಿ ತಿದ್ದದ ಮೂಲಚಿತ್ರಗಳು ಪುಸ್ತಕವಾಗಿ ಪ್ರಕಟವಾದವು. ದೃಢವಾದ ಗಲ್ಲ, ನೇರವಾದ ನೋಟ, ಕೊನೆಯ ವರ್ಷದ ದಣಿವು ಎಲ್ಲವೂ ಅವುಗಳಲ್ಲಿ ಕಂಡವು. ಆ ಮುಖ ತಿದ್ದಿದ ಮುಖಕ್ಕಿಂತ ಹೆಚ್ಚು ಪವಿತ್ರವಾಗಿದೆ, ಏಕೆಂದರೆ ಅದು ನಿಜ. ನಮ್ಮ ಮನೆಗಳಿಗೂ ಇದೇ ನಿಯಮ. ಅಮ್ಮನ ಮುಖದ ಸುಕ್ಕನ್ನು ಅಳಿಸುವ, ಮಗುವಿನ ಮೈಬಣ್ಣವನ್ನು ಬೆಳ್ಳಗೆ ಮಾಡುವ ಮೊಬೈಲಿನ ಉಪಾಯಗಳನ್ನು ಈ ದಿನಚರಿಯಿಂದ ದೂರವಿಡಿ. ದೇವರು ಮೆಚ್ಚಿ ಕೊಟ್ಟ ಮುಖವನ್ನು ನಾವು ತಿದ್ದಬೇಕಾಗಿಲ್ಲ.

ಮಾಡುವ ಕ್ರಮ

ಒಂದು ನೂರು ಪುಟದ ನೋಟ್‌ಬುಕ್ ಕೊಳ್ಳಿ. ದಿನಕ್ಕೊಂದು ಪುಟದಂತೆ 84 ಪುಟ ತುಂಬಿ, ಉಳಿದವು ಮುನ್ನುಡಿಗೂ ಕೊನೆಯ ಪ್ರಾರ್ಥನೆಗೂ ಇರಲಿ. ಚಿತ್ರ ತೆಗೆಯುವ ಸರದಿ ಎಲ್ಲರಿಗೂ ಬರಲಿ: ಇವತ್ತು ಅಪ್ಪ, ನಾಳೆ ಮಗಳು, ನಾಡಿದ್ದು ಅಜ್ಜಿ. ಸದಾ ಒಬ್ಬರೇ ತೆಗೆದರೆ ಅವರು ಯಾವ ಚಿತ್ರದಲ್ಲೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ತಾಯಿ ಕಾಣೆಯಾಗುವುದು ಹೀಗೆಯೇ.

ದಿನಕ್ಕೆ ಒಂದೇ ಚಿತ್ರ. ಇದು ಕಟ್ಟುನಿಟ್ಟು. ಹತ್ತು ತೆಗೆದು ಒಂದನ್ನು ಆರಿಸುವುದಲ್ಲ. ದಿನವಿಡೀ ಕಣ್ಣು ತೆರೆದಿದ್ದು, ಇದೇ ಇವತ್ತಿನದು ಎನಿಸಿದಾಗ ಒಮ್ಮೆ ತೆಗೆಯುವುದು. ಆ ಕಾಯುವಿಕೆಯೇ ಅರ್ಧ ಪ್ರಾರ್ಥನೆ. ಚಿತ್ರಕ್ಕಾಗಿ ಯಾರನ್ನೂ ಸಾಲಾಗಿ ನಿಲ್ಲಿಸಬೇಡಿ, ನಗಿಸಬೇಡಿ. ಅವರ ಕೆಲಸ ಅವರು ಮಾಡುತ್ತಿರಲಿ.

ತಾಂತ್ರಿಕ ಮಾತು ಎರಡೇ. ಮೊಬೈಲಿನ ಮಸೂರವನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಮಂಕಾದ ಚಿತ್ರಗಳಲ್ಲಿ ಅನೇಕವಕ್ಕೆ ಬೆರಳಿನ ಎಣ್ಣೆಯೇ ಕಾರಣ. ಕಿಟಕಿ ನಿಮ್ಮ ಬೆನ್ನ ಹಿಂದೆ ಅಥವಾ ಪಕ್ಕದಲ್ಲಿರಲಿ. ಕಿಟಕಿಗೆ ಎದುರಾಗಿ ನಿಂತು ತೆಗೆದರೆ ಮುಖ ಕಪ್ಪಾಗುತ್ತದೆ. ಮಕ್ಕಳ ಚಿತ್ರ ತೆಗೆಯುವಾಗ ಅವರ ಎತ್ತರಕ್ಕೆ ಬಗ್ಗಿ. ಮೇಲಿನಿಂದ ನೋಡಿದರೆ ತಲೆ ಕಾಣುತ್ತದೆ, ಬಗ್ಗಿದರೆ ಮುಖ ಕಾಣುತ್ತದೆ. ಇದು ಕ್ಯಾಮೆರಾಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ.

ರಾತ್ರಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆಯಿರಿ. ದಿನಾಂಕ; ಯಾರು, ಎಲ್ಲಿ; ಚಿತ್ರದಲ್ಲಿ ಕಾಣದ ಒಂದು ಸಂಗತಿ; ದೇವರಿಗೆ ಹೇಳುವ ಒಂದು ಮಾತು. ಉದಾಹರಣೆಗೆ ಹೀಗೆ ಬರೆಯಬಹುದು: "ಅಕ್ಟೋಬರ್ 9. ಅಜ್ಜಿ, ಹಿತ್ತಿಲ ಮೆಟ್ಟಿಲು, ಅಕ್ಕಿ ಆರಿಸುತ್ತಿದ್ದಾರೆ. ಕಣ್ಣು ಮಂಜಾಗಿದೆ, ಕಲ್ಲನ್ನು ಬೆರಳಿನಿಂದಲೇ ಗುರುತಿಸುತ್ತಾರೆ. ಸ್ವಾಮಿ, ಅವರ ಬೆರಳುಗಳಿಗಾಗಿ ವಂದನೆ." ಮೂರನೆಯ ಸಂಗತಿಯೇ ಮುಖ್ಯ. ವಾಸನೆ, ಸದ್ದು, ನೋವು, ಆಡಿದ ಮಾತು ಯಾವುದನ್ನೂ ಕ್ಯಾಮೆರಾ ಹಿಡಿಯಲಾರದು. ಅದನ್ನು ಬರೆಯದಿದ್ದರೆ ಇಪ್ಪತ್ತು ವರ್ಷಗಳ ನಂತರ ಮೊಮ್ಮಕ್ಕಳಿಗೆ ಅದು ಯಾರೋ ಒಬ್ಬ ಮುದುಕಿಯ ಚಿತ್ರವಷ್ಟೆ.

ಕ್ಯಾಮೆರಾ ಇರುವ ಮೊಬೈಲು ಇಲ್ಲದ ಮನೆಯವರು ಹಿಂದೆ ಬೀಳಬೇಕಾಗಿಲ್ಲ. ಪುಟದ ಮೇಲ್ಭಾಗದಲ್ಲಿ ಮಕ್ಕಳು ಒಂದು ಸಣ್ಣ ಚಿತ್ರ ಬರೆಯಲಿ, ಕೆಳಗೆ ಅದೇ ನಾಲ್ಕು ಸಂಗತಿ. ಫಲ ಒಂದೇ.

ಹನ್ನೆರಡು ವಾರಗಳ ದಾರಿ

ಏನು ತೆಗೆಯುವುದು ಎಂದು ತೋಚದವರಿಗಾಗಿ ವಾರಕ್ಕೊಂದು ಎಳೆಯನ್ನು ಇಲ್ಲಿ ಕೊಟ್ಟಿದೆ.

ಒಂದನೆಯ ವಾರ (ಸೆಪ್ಟೆಂಬರ್ 8–14): ಅನ್ನ. ಕರಾವಳಿಯ ಮನೆಗಳಲ್ಲಿ ಈ ದಿನ ಆಶೀರ್ವದಿಸಿದ ತೆನೆಯನ್ನು ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ದೂರದಲ್ಲಿರುವವರಿಗೆ ಅದರ ಪಾಲನ್ನು ಕಳುಹಿಸುವ ಮನೆಗಳೂ ಇವೆ. ನಮ್ಮ ಅನ್ನ ಎಲ್ಲೆಲ್ಲಿಂದ, ಯಾರ ಕೈಯಿಂದ ಬರುತ್ತದೆ?

ಎರಡನೆಯ ವಾರ (15–21): ದುಡಿಮೆ ಮತ್ತು ದುಃಖ. 15 ವ್ಯಾಕುಲ ಮಾತೆಯ ದಿನ. 21 ಸುಂಕದ ಕಟ್ಟೆಯಲ್ಲಿ ಕುಳಿತಿದ್ದಾಗಲೇ ಕರೆ ಪಡೆದ ಸಂತ ಮತ್ತಾಯರ ಹಬ್ಬ. ಮನೆಯವರು ದುಡಿಯುವ ಜಾಗವನ್ನು ಮಕ್ಕಳು ನೋಡಲಿ.

ಮೂರನೆಯ ವಾರ (22–28): ಸೃಷ್ಟಿ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ಕಾಲವಾಗಿ ಆಚರಿಸುತ್ತೇವೆ. ಬಾವಿ, ಮರ, ಕಸದ ರಾಶಿ ಎಲ್ಲವೂ ಚಿತ್ರಕ್ಕೆ ವಸ್ತು.

ನಾಲ್ಕನೆಯ ವಾರ (ಸೆಪ್ಟೆಂಬರ್ 29–ಅಕ್ಟೋಬರ್ 5): ಚಿಕ್ಕ ಕೆಲಸಗಳು. ಅಕ್ಟೋಬರ್ 1 ಸಂತ ತೆರೇಸಾರ ಹಬ್ಬ, 2 ಕಾವಲು ದೂತರ ಸ್ಮರಣೆ. ಯಾರೂ ಹೊಗಳದ ಕೆಲಸವನ್ನು ಹುಡುಕಿ.

ಐದನೆಯ ವಾರ (6–12): ಕೈಗಳು. 7 ಜಪಸರ ಮಾತೆಯ ಹಬ್ಬ. ಮುಖ ಬೇಡ, ಏಳು ದಿನವೂ ಕೈಗಳನ್ನೇ ಚಿತ್ರಿಸಿ. 12 ಸಂತ ಕಾರ್ಲೋ ಅಕುತಿಸರ ದಿನ. 2006ರಲ್ಲಿ 15ನೆಯ ವಯಸ್ಸಿನಲ್ಲಿ ತೀರಿಕೊಂಡು, 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಈ ಹುಡುಗ ಕಂಪ್ಯೂಟರನ್ನು ಪರಮಪ್ರಸಾದದ ಅದ್ಭುತಗಳನ್ನು ಸಾರಲು ಬಳಸಿದ. ಯಂತ್ರ ನಮ್ಮ ಆಳಾಗಿರಬೇಕು, ಒಡೆಯನಾಗಬಾರದು ಎಂಬುದಕ್ಕೆ ಸಾಕ್ಷಿ ಅವನು.

ಆರನೆಯ ವಾರ (13–19): ಅಡಿಗೆಮನೆ. 15 ಆವಿಲಾದ ಸಂತ ತೆರೇಸಾರ ಹಬ್ಬ. ಅಡಿಗೆಯ ಪಾತ್ರೆಗಳ ನಡುವೆಯೂ ಪ್ರಭು ಇದ್ದಾರೆಂದು ತಮ್ಮ ಭಗಿನಿಯರಿಗೆ ಕಲಿಸಿದವರು ಅವರು. 18 ಸಂತ ಲೂಕರ ಹಬ್ಬ. ಅವರು ಮಾತೆಯ ಚಿತ್ರ ಬರೆದರೆಂಬುದು ಹಳೆಯ ನಂಬಿಕೆ. ಚಿಕ್ಕ ತೆರೇಸಾರ ತಂದೆತಾಯಿಗಳಾದ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಗಳು ಸಂತಪದವಿಗೆ ಏರಿದ್ದೂ 2015ರ ಅಕ್ಟೋಬರ್ 18ರಂದೇ.

ಏಳನೆಯ ವಾರ (20–26): ನೆರೆಹೊರೆ. ಮಿಷನ್ ಭಾನುವಾರ ಈ ದಿನಗಳ ಆಸುಪಾಸಿನಲ್ಲಿ ಬರುತ್ತದೆ. ದಸರಾ, ದೀಪಾವಳಿಗಳ ಕಾಲವೂ ಇದೇ. ಪಕ್ಕದ ಮನೆಯಿಂದ ಬರುವ ಸಿಹಿಯ ತಟ್ಟೆ, ನಾವು ಖಾಲಿ ಕಳುಹಿಸದ ಅದೇ ತಟ್ಟೆ.

ಎಂಟನೆಯ ವಾರ (ಅಕ್ಟೋಬರ್ 27–ನವೆಂಬರ್ 2): ಅಗಲಿದವರು. ನವೆಂಬರ್ 1 ಸಕಲ ಸಂತರ ಹಬ್ಬ, ಜೊತೆಗೆ ಕನ್ನಡ ರಾಜ್ಯೋತ್ಸವ. 2 ಸಕಲ ಮೃತರ ಸ್ಮರಣೆ. ಸಮಾಧಿಯನ್ನು ಶುಚಿ ಮಾಡುವುದು, ಹೂ ಇಡುವುದು. ಹಳೆಯ ಚಿತ್ರಗಳನ್ನು ಹೊರತೆಗೆದು ಅವುಗಳ ಹಿಂದೆ ಹೆಸರು ಬರೆಯುವ ಕೆಲಸವನ್ನು ಈ ವಾರವೇ ಮಾಡಿ. ಆ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಮಾಡಿ.

ಒಂಬತ್ತನೆಯ ವಾರ (3–9): ಪೊರಕೆ. 3 ಪೆರು ದೇಶದ ಸಂತ ಮಾರ್ಟಿನ್ ದ ಪೋರೆಸರ ದಿನ. ಅವರ ಚಿತ್ರಗಳಲ್ಲಿ ಕೈಯಲ್ಲಿ ಪೊರಕೆ ಇರುತ್ತದೆ. ನಮ್ಮ ಮನೆ, ಬೀದಿ, ದೇವಾಲಯವನ್ನು ಗುಡಿಸುವವರು ಯಾರು?

ಹತ್ತನೆಯ ವಾರ (10–16): ಹಂಚಿಕೆ. 11 ತಮ್ಮ ಮೇಲಂಗಿಯನ್ನು ಸೀಳಿ ಭಿಕ್ಷುಕನೊಬ್ಬನಿಗೆ ಅರ್ಧ ಕೊಟ್ಟ ತೂರ್ ನಗರದ ಸಂತ ಮಾರ್ಟಿನರ ದಿನ. 2017ರಿಂದ ಆಚರಿಸುತ್ತಿರುವ ಬಡವರ ವಿಶ್ವ ದಿನವೂ ನವೆಂಬರ್ ನಡುಭಾಗದ ಭಾನುವಾರವೇ. ಈ ವಾರ ಕೊಡುವಾಗ ಚಿತ್ರ ತೆಗೆಯಬೇಡಿ. ಕೊಟ್ಟ ಮೇಲೆ ಖಾಲಿಯಾದ ಜಾಗವನ್ನು ತೆಗೆಯಿರಿ.

ಹನ್ನೊಂದನೆಯ ವಾರ (17–23): ಹಾಡು ಮತ್ತು ಪ್ರಾರ್ಥನೆ. 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ದಿನ. ಕ್ರಿಸ್ತರಾಜರ ಹಬ್ಬ ಈ ವಾರವೋ ಮುಂದಿನ ವಾರದ ಆರಂಭದಲ್ಲೋ ಬರುತ್ತದೆ. ನಮ್ಮ ಮನೆಯಲ್ಲಿ ನಿಜವಾಗಿ ಆಳುವವರು ಯಾರು?

ಹನ್ನೆರಡನೆಯ ವಾರ (24–30): ಉಳಿದದ್ದು. ಈ ವಾರ ಹೊಸ ಚಿತ್ರಗಳ ಜೊತೆಗೆ ಹಳೆಯವನ್ನು ತಿರುವಿ ನೋಡಿ. ವಾರಕ್ಕೆ ಒಂದರಂತೆ ಹನ್ನೆರಡು ಚಿತ್ರಗಳನ್ನು ಮನೆಯವರೆಲ್ಲ ಸೇರಿ ಆರಿಸಿ, ಸ್ಟುಡಿಯೋದಲ್ಲಿ ಮುದ್ರಿಸಿ ನೋಟ್‌ಬುಕ್ಕಿಗೆ ಅಂಟಿಸಿ. ಮೊಬೈಲು ಕಳೆಯುತ್ತದೆ, ನೀರಿಗೆ ಬೀಳುತ್ತದೆ. ಕಾಗದದ ಮೇಲಿನದು ಉಳಿಯುತ್ತದೆ. ತೇವದ ಗೋಡೆಯಿಂದ ದೂರವಿಟ್ಟರೆ ಸಾಕು. ಇವೇ ನಿಮ್ಮ ಮನೆಯ ಹನ್ನೆರಡು ಕಲ್ಲುಗಳು.

ರಾತ್ರಿಯ ಐದು ಹೆಜ್ಜೆಗಳು

ಲೊಯೋಲಾದ ಸಂತ ಇಗ್ನಾಸಿಯವರು ದಿನದ ಆತ್ಮಶೋಧನೆಗೆ ಐದು ಹೆಜ್ಜೆಗಳನ್ನು ಕಲಿಸಿದ್ದಾರೆ. ದೇವರ ಉಪಕಾರಗಳಿಗೆ ವಂದಿಸುವುದು, ನಮ್ಮ ಪಾಪಗಳನ್ನು ಕಾಣುವ ಕೃಪೆ ಬೇಡುವುದು, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆ ತಿದ್ದಿಕೊಳ್ಳುವ ಸಂಕಲ್ಪ ಮಾಡುವುದು. ಜಪಸರ ಮುಗಿದ ಮೇಲೆ ದಿನದ ಚಿತ್ರವನ್ನು ನಡುವೆ ಇಟ್ಟು ಹತ್ತು ನಿಮಿಷ ಈ ಐದು ಹೆಜ್ಜೆಗಳನ್ನು ನಡೆಯಿರಿ. ಇದಕ್ಕಾಗಿ ವಂದನೆ ಹೇಳೋಣವೇ? ಈ ಚಿತ್ರದಲ್ಲಿ ನಾನು ಯಾರನ್ನು ಗಮನಿಸಲಿಲ್ಲ? ಇವತ್ತು ಯಾರಿಗೆ ನೋವು ಕೊಟ್ಟೆ? ಮಕ್ಕಳು ಇಂಥ ಪ್ರಶ್ನೆಗಳಿಗೆ ಹಿರಿಯರಿಗಿಂತ ಬೇಗ ಉತ್ತರಿಸುತ್ತಾರೆ.

ಕೆಟ್ಟ ದಿನಗಳೂ ಬರುತ್ತವೆ. ಕೊಯ್ಲಿಗೆ ಬಂದ ಪೈರಿನ ಮೇಲೆ ಅಕಾಲದ ಮಳೆ ಸುರಿಯಬಹುದು, ಕೆಲಸ ಹೋಗಬಹುದು, ಯಾರಾದರೂ ಆಸ್ಪತ್ರೆ ಸೇರಬಹುದು, ಅಪ್ಪ ಮಗ ಮಾತು ಬಿಟ್ಟಿರಬಹುದು. ಆ ದಿನವನ್ನು ಬಿಟ್ಟುಬಿಡಬೇಡಿ. ಖಾಲಿ ಕುರ್ಚಿಯನ್ನು, ಒದ್ದೆಯಾದ ತೆನೆಯನ್ನು, ದೂರ ದೂರ ಇಟ್ಟ ಎರಡು ತಟ್ಟೆಗಳನ್ನು ತೆಗೆಯಿರಿ. ಸುಖದ ಚಿತ್ರಗಳು ಮಾತ್ರ ಇರುವ ಆಲ್ಬಂ ಮಕ್ಕಳಿಗೆ ಸುಳ್ಳು ಹೇಳುತ್ತದೆ. ತಮ್ಮ ಮನೆಗೆ ಕಷ್ಟ ಬಂದಾಗ, ನಮಗೆ ಮಾತ್ರ ಹೀಗೇಕೆ ಎಂದು ಅವರು ಕುಗ್ಗುತ್ತಾರೆ. ಕಷ್ಟದ ದಿನದ ಪುಟವೂ ಇದ್ದರೆ, ನಮ್ಮವರು ಇದನ್ನೂ ದಾಟಿದ್ದಾರೆ, ದೇವರು ಕೈಬಿಡಲಿಲ್ಲ ಎಂದು ತಿಳಿಯುತ್ತಾರೆ. ಜೋರ್ಡನಿನ ಕಲ್ಲುಗಳನ್ನು ಎತ್ತಿದ್ದು ನದಿಯ ದಡದಿಂದಲ್ಲ, ನದಿಯ ನಡುವಿನಿಂದ.

ಕೆಲವು ಎಚ್ಚರಿಕೆಗಳು

ಇದು ಮನೆಯ ದಿನಚರಿ, ಊರಿಗೆ ತೋರಿಸುವ ಪ್ರದರ್ಶನವಲ್ಲ. ಜನರು ನೋಡಲೆಂದು ಪ್ರಾರ್ಥಿಸುವವರು, ದಾನ ಮಾಡುವವರು ತಮ್ಮ ಪ್ರತಿಫಲವನ್ನು ಆಗಲೇ ಪಡೆದಿದ್ದಾರೆಂದು ಯೇಸುಸ್ವಾಮಿ ಎಚ್ಚರಿಸಿದ್ದಾರೆ (ಮತ್ತಾಯ 6). ಆದ್ದರಿಂದ ಈ ಚಿತ್ರಗಳನ್ನು ಸ್ಟೇಟಸ್‌ಗೆ ಹಾಕಬೇಡಿ. ಹಾಕಿದ ಮರುಕ್ಷಣದಿಂದ ಚಿತ್ರ ದೇವರಿಗಾಗಿ ಉಳಿಯುವುದಿಲ್ಲ, ಎಷ್ಟು ಮಂದಿ ನೋಡಿದರು ಎಂಬ ಲೆಕ್ಕಕ್ಕೆ ಹೋಗುತ್ತದೆ. ಮಕ್ಕಳ ಚಿತ್ರಗಳ ವಿಷಯದಲ್ಲಿ ಇದು ಅವರ ಸುರಕ್ಷತೆಯ ಪ್ರಶ್ನೆಯೂ ಹೌದು.

ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬೇಡಿ. ಮನೆಗೆಲಸಕ್ಕೆ ಬರುವ ಅಕ್ಕ, ಹಾಸಿಗೆ ಹಿಡಿದ ಅಜ್ಜ, ಹರೆಯದ ಮಗಳು ಬೇಡ ಎಂದರೆ ಬೇಡ. ಅಂದು ಅವರ ಚಪ್ಪಲಿಯನ್ನೋ ಪುಸ್ತಕವನ್ನೋ ತೆಗೆದರಾಯಿತು. ತಮ್ಮ ಮಾತಿಗೆ ಈ ಮನೆಯಲ್ಲಿ ಬೆಲೆಯಿದೆ ಎಂದು ಅವರಿಗೆ ತಿಳಿಯುವುದು ಚಿತ್ರಕ್ಕಿಂತ ದೊಡ್ಡದು.

ಬಲಿಪೂಜೆಯ ಸಮಯದಲ್ಲಿ ಮೊಬೈಲು ಚೀಲದಲ್ಲೇ ಇರಲಿ. ಗುರುಗಳು ಹೃದಯವನ್ನು ಮೇಲೆತ್ತಲು ಕರೆಯುತ್ತಾರೆಯೇ ಹೊರತು ಮೊಬೈಲನ್ನು ಎತ್ತಲು ಅಲ್ಲ ಎಂದು ಜಗದ್ಗುರು ಫ್ರಾನ್ಸಿಸರು 2017ರ ನವೆಂಬರ್ 8ರಂದು ಸಾರ್ವಜನಿಕ ಭೇಟಿಯಲ್ಲಿ ನೆನಪಿಸಿದ್ದರು. ಭಾನುವಾರದ ಚಿತ್ರವನ್ನು ದೇವಾಲಯಕ್ಕೆ ಹೋಗುವ ದಾರಿಯಲ್ಲೋ ಮರಳಿ ಬಂದ ಮೇಲೋ ತೆಗೆಯಬಹುದು.

ಒಂದು ದಿನ ತಪ್ಪಿದರೆ ಗಾಬರಿಯಾಗಬೇಡಿ, ಹಳೆಯ ಚಿತ್ರ ಹಾಕಿ ತುಂಬಿಸಲೂ ಬೇಡಿ. ಪುಟವನ್ನು ಖಾಲಿ ಬಿಟ್ಟು ದಿನಾಂಕ ಮಾತ್ರ ಬರೆಯಿರಿ. ಆ ದಿನವೂ ದೇವರದೇ.

ಹನ್ನೆರಡು ಬುಟ್ಟಿಗಳು

ಈ ದಾರಿ ಸಂತ ಅಂದ್ರೆಯರ ಹಬ್ಬದಲ್ಲಿ ಮುಗಿಯುವುದು ಅರ್ಥಪೂರ್ಣ. ಐದು ಸಾವಿರ ಜನರಿಗೆ ಊಟ ಬೇಕಿದ್ದಾಗ, ಐದು ಜವೆಗೋದಿಯ ರೊಟ್ಟಿ ಮತ್ತು ಎರಡು ಮೀನು ಇದ್ದ ಹುಡುಗನನ್ನು ಯೇಸುಸ್ವಾಮಿಗೆ ತೋರಿಸಿದವರು ಅಂದ್ರೆಯರೇ (ಯೊವಾನ್ನ 6). ಇಷ್ಟು ಜನರಿಗೆ ಇಷ್ಟು ಎಲ್ಲಿ ಸಾಕು ಎಂಬ ಸಂದೇಹ ಅವರಿಗೂ ಇತ್ತು. ಆದರೂ ತೋರಿಸಿದರು. ಎಲ್ಲರೂ ಉಂಡು ತೃಪ್ತರಾದ ಮೇಲೆ, ಏನೂ ಹಾಳಾಗದಂತೆ ಮಿಕ್ಕ ತುಣುಕುಗಳನ್ನು ಕೂಡಿಸಲು ಪ್ರಭು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿತು.

ನಮ್ಮ ದಿನಗಳೂ ಇಂಥ ತುಣುಕುಗಳೇ. ಒಗೆದ ಬಟ್ಟೆ, ತಿಕ್ಕಿದ ಪಾತ್ರೆ, ಶಾಲೆಯ ಚೀಲ, ಅಜ್ಜಿಯ ಔಷಧಿ. ಇಷ್ಟರಲ್ಲಿ ಏನಿದೆ ಎಂದು ನಮಗೂ ಅನಿಸುತ್ತದೆ. ಪ್ರಭುವಿಗೆ ತೋರಿಸೋಣ. ಅವರ ಲೆಕ್ಕದಲ್ಲಿ ಯಾವುದೂ ಹಾಳಾಗುವುದಿಲ್ಲ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಚಿತ್ರಗಳಲ್ಲಿ ಅತಿ ಕಡಿಮೆ ಕಾಣಿಸುವವರು ಯಾರು? ಏಕೆ?

2. ಇಪ್ಪತ್ತು ವರ್ಷಗಳ ನಂತರ ಈ ಮನೆಯ ಯಾವ ಸಾಮಾನ್ಯ ಸಂಗತಿಯನ್ನು ನೆನಪಿಸಿಕೊಳ್ಳಲು ಬಯಸುತ್ತೇವೆ?

3. ಇಂದು ಯಾರಿಗೆ ವಂದನೆ ಹೇಳದೆ ಮಲಗುತ್ತಿದ್ದೇವೆ?

ಪ್ರಾರ್ಥನೆ

ಪ್ರಭುವೇ, ಇಂದಿನ ದಿನವನ್ನು ನೀವು ಕೊಟ್ಟಿರಿ, ನಾವು ಅರ್ಧವನ್ನೂ ನೋಡಲಿಲ್ಲ. ನಾಳೆ ನಮ್ಮ ಕಣ್ಣುಗಳನ್ನು ತೆರೆಯಿರಿ. ನಮ್ಮ ಜೊತೆ ಊಟ ಮಾಡುವವರ ಮುಖವನ್ನು, ನಮಗಾಗಿ ದುಡಿಯುವವರ ಕೈಗಳನ್ನು ಅವರು ಇರುವಾಗಲೇ ಕಾಣುವಂತೆ ಮಾಡಿರಿ. ನಮ್ಮನ್ನು ಅಗಲಿದವರು ನಿಮ್ಮ ಮುಖವನ್ನು ಸದಾ ಕಾಣಲಿ. ಮಾತೆ ಮರಿಯಮ್ಮನವರಂತೆ ನಾವೂ ಎಲ್ಲವನ್ನೂ ಹೃದಯದಲ್ಲಿ ಜೋಪಾನ ಮಾಡುವಂತೆ ಅನುಗ್ರಹಿಸಿರಿ. ಆಮೆನ್.